ಕಾಶೆವ್ವ ಕಾಯ್ದ ಒಂದು ಲೀಟರ್ ಗಾಳಿ

ನಾಗನೂರಿನ ಕಾಶೆವ್ವನ ಮನೆಯಲ್ಲಿ ಊಟಕ್ಕೆ ಕೂತವರು ತಾವಾಗಿಯೇ ಎದ್ದ ಉದಾಹರಣೆ ಇಲ್ಲ. ಆಕೆ ಬಿಟ್ಟಾಗ ಏಳಬೇಕು, ಅಷ್ಟೆ! ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ತುಪ್ಪ ಇಳಿಯುತ್ತಿತ್ತು. "ಸಾಕ್ರೀ" ಅಂದವನಿಗೆ ಇನ್ನೊಂದು ಹೋಳಿಗೆ, "ಖರೇನ ಸಾಕ್ರೀ" ಅಂದವನಿಗೆ ಇನ್ನೆರಡು. ತಪ್ಪಿಸಿಕೊಂಡು ಹೊರಟ ಬೀಗರೊಬ್ಬರನ್ನು ಬಾಗಿಲಲ್ಲೇ ತಡೆದು, ಚಪ್ಪಲಿ ಮೆಟ್ಟುತ್ತಿದ್ದವರ ಬಾಯಿಗೆ ಕರಿಗಡಬು ತುರುಕಿದ್ದನ್ನು ನೆನೆದು ಓಣಿಯವರು ಇನ್ನೂ ನಗುತ್ತಾರೆ. ಆ ಬೀಗರು ಆಮೇಲೆ ಎರಡು ವರ್ಷ ಈ ಕಡೆ ತಲೆ ಹಾಕಲಿಲ್ಲ.

ಈ ಚಟ ಆಕೆಗೆ ಹತ್ತಿದ್ದು ಬೆಲ್ಲದ ಗಾಣದಲ್ಲಿ. ನಾಲ್ಕನೆಯ ಇಯತ್ತೆ ಓದಿ, ಹದಿನೆಂಟಕ್ಕೆ ಮದುವೆಯಾಗಿ ಬಂದವಳ ಕೈಗೆ ಮಾವ ಕೊಟ್ಟ ಮೊದಲ ಕೆಲಸವೆಂದರೆ ಗಾಣದ ಹನ್ನೆರಡು ಆಳುಗಳಿಗೆ ಎರಡು ಹೊತ್ತು ರೊಟ್ಟಿ. ಬೆಂಕಿಯ ಮುಂದೆ ದುಡಿಯುವವರು, ಕಡಿಮೆ ತಿನ್ನುತ್ತಾರೆಯೇ? ರೊಟ್ಟಿ ಬಡಿದೂ ಬಡಿದೂ ಕೈ ದಪ್ಪಗಾಯಿತು, ಮನಸ್ಸು ಅದಕ್ಕಿಂತ ದೊಡ್ಡದಾಯಿತು. ಬೆಲ್ಲದ ಪೆಂಟೆ ತೂಗುವಾಗ ತಕ್ಕಡಿಯ ಮುಂದೆ ನಿಂತು ಅಂಕಿ ಓದುವವಳೂ ಅವಳೇ. ಅಕ್ಷರ ಮರೆತಿದ್ದರೂ ಅಂಕಿ ಮರೆಯಲಿಲ್ಲ. ಅದು ಮುಂದೆ ಒಂದು ಜೀವ ಉಳಿಸುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ಗಂಡ ವೀರಪ್ಪ ಕೊಪ್ಪರಿಗೆಯ ಯಜಮಾನ. ಕುದಿಯುವ ಕಬ್ಬಿನ ಹಾಲಿನ ಹದ ನೋಡುವುದು, ಒಲೆಗೆ ಕಬ್ಬಿನ ಒಣ ರವದಿ ತುಂಬುವುದು, ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ನಿಲ್ಲುವುದು. ಹೊಗೆಯಿಂದ ಸ್ವಲ್ಪ ಬಿಡುವು ಸಿಕ್ಕರೆ ಏನು ಮಾಡುತ್ತಿದ್ದ? ಬೀಡಿ ಹಚ್ಚುತ್ತಿದ್ದ! ಹೀಗೆ ನಲವತ್ತು ವರ್ಷ. ಕೊನೆಗೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಹೋದ ಚಳಿಗಾಲದಲ್ಲಿ ಗೋಕಾಕದ ದವಾಖಾನೆಯಲ್ಲಿ ಹನ್ನೆರಡು ದಿನ ಮಲಗಿ ಎದ್ದು ಬಂದ. ಜೊತೆಗೆ ಸಣ್ಣ ತಿಜೋರಿಯಂಥ ಒಂದು ಯಂತ್ರವೂ ಮನೆಗೆ ಬಂತು. ಕೋಣೆಯ ಗಾಳಿಯನ್ನು ಎಳೆದುಕೊಂಡು ಅದರೊಳಗಿನ ಆಕ್ಸಿಜನ್ ಅನ್ನಷ್ಟೇ ನಳಿಗೆಯಲ್ಲಿ ಮೂಗಿಗೆ ಕೊಡುವ ಯಂತ್ರ. ಮುಂದುಗಡೆ ಗಾಜಿನ ಕೊಳವೆ, ಅದರಲ್ಲಿ ಒಂದರಿಂದ ಐದು ಲೀಟರಿನ ತನಕ ಗೆರೆ, ಒಳಗೊಂದು ಪುಟ್ಟ ಗುಂಡು. ತಿರುಗಣಿ ತಿರುವಿದರೆ ಗುಂಡು ಏರುತ್ತದೆ.

"ಒಂದನೇ ಗೆರಿಗೆ ಇರಬೇಕ್ರಿ ಗುಂಡು" ಎಂದು ಮನೆಗೆ ಕಳಿಸುವ ಮುನ್ನ ಹೇಳಿದಳು ವಾರ್ಡಿನ ಸಿಸ್ಟರ್ ಸಂಘಮಿತ್ರಾ. ಗೋಕಾಕ ಫಾಲ್ಸಿನ ಹುಡುಗಿ. ದನಿ ಸಣ್ಣದು, ಮಾತು ಮಾತ್ರ ಬಲು ಖಡಕ್ಕು.

ಕಾಶೆವ್ವ ಕಣ್ಣರಳಿಸಿದಳು. "ಒಂದ? ಬರೇ ಒಂದ? ಐದರ ತನಕಾ ಐತೆಲ್ರಿ ಗೆರಿ!"

"ಐದರ ತನಕಾ ಐತಿ ಅಂತ ಐದೂ ಕೊಡೂದಲ್ರಿ ಅವ್ವಾರ. ಕಾಕಾರ ಫುಪ್ಪುಸಕ್ಕ ಒಳಗಿನ ಕೆಟ್ಟ ಗಾಳಿ ಪೂರಾ ಹೊರಗ ಹಾಕಾಕ ಆಗೂದಿಲ್ಲ. ಆಕ್ಸಿಜನ್ ಭಾಳ ಕೊಟ್ರ ಆ ಕೆಟ್ಟ ಗಾಳಿ ಒಳಗ ಇನ್ನೂ ತುಂಬತೈತಿ. ತಲಿ ಜಡ ಆಗತೈತಿ, ಮಾರಿ ಕೆಂಪಗಾಗತೈತಿ, ಜೋರ ನಿದ್ದಿ ಬರತೈತಿ. ಆ ನಿದ್ದಿ ಛಲೋದಲ್ಲ. ಉಸರ ಮಂದ ಆಕ್ಕೋಂತ ಹೋಗತೈತಿ."

"ಮತ್ತ ಬಂದ್ ಮಾಡಿದ್ರ?"

"ಅದೂ ಕೆಟ್ಟ. ಒಮ್ಮೆಲೆ ತಗದ್ರ ಜೀವಕ್ಕ ಕುತ್ತು. ಬೆರಳಿಗೆ ಹಾಕೂ ಈ ಮಶೀನದಾಗ ನಂಬರ್ ಎಂಬತ್ತೆಂಟರಿಂದ ತೊಂಬತ್ತೆರಡರ ಒಳಗ ಇರಬೇಕು. ಕೆಳಗ ಹೋದ್ರ ಸ್ವಲ್ಪ ಏರಸೂದು, ಮ್ಯಾಗ ಹೋದ್ರ ಸ್ವಲ್ಪ ಇಳಸೂದು. ಏನ ಫರಕ್ ಆದ್ರೂ ನನಗ ಫೋನ್ ಹಚ್ರಿ. ಈಗ ನೀವ ಹೇಳ್ರಿ ನೋಡೂಣು."

ಕಾಶೆವ್ವನಿಂದ ಮೂರು ಸಲ ಹೇಳಿಸಿದಳು. ಒಂದು ಹಳದಿ ಕಾರ್ಡಿನ ಮೇಲೆ ದಪ್ಪಗೆ 88–92 ಎಂದು ಬರೆದು, ದವಾಖಾನೆಯ ಸಿಕ್ಕಾ ಒತ್ತಿ, ಡಾಕ್ಟರರ ಸಹಿ ಹಾಕಿಸಿ, "ಇದನ್ನ ಎಲ್ಲಿ ಹೋದ್ರೂ ಬಿಡಬ್ಯಾಡ್ರಿ" ಎಂದು ಕೈಗಿಟ್ಟಳು. ಕಾಶೆವ್ವ ಅದನ್ನು ಎಲೆ ಅಡಿಕೆಯ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಬಾಜೂಕೆ ಇಟ್ಟುಕೊಂಡಳು. ಸಂಚಿ ಬಿಟ್ಟು ಆಕೆ ಎಲ್ಲಿಗೂ ಹೋಗುವವಳಲ್ಲ.

ಮನೆಗೆ ಬಂದ ದಿನವೇ ಕಾಯಿದೆ ಜಾರಿಯಾಯಿತು. ದೇವರ ಜಗಲಿಯ ದೀಪ ಪಡಸಾಲೆಯಿಂದ ಒಳಮನೆಗೆ ಹೋಯಿತು, ಯಂತ್ರದ ಹತ್ತಿರ ಊದುಬತ್ತಿ ಬಂದ್. ಗಾಣದ ಹಳೆಯ ಆಳೊಬ್ಬ ಮಾತಾಡಿಸಲು ಬಂದು ಹಳೆಯ ಸಲುಗೆಯಲ್ಲಿ ಬೀಡಿ ತೆಗೆದದ್ದೇ ತಡ, ಲಟ್ಟಣಿಗೆ ಹಿಡಿದು ಊರ ಅಗಸಿಯ ಬಾಗಿಲ ತನಕ ಅಟ್ಟಿಸಿಕೊಂಡು ಹೋದಳು. "ಆಕ್ಸಿಜನ್ ಇದ್ದಲ್ಲಿ ಬೆಂಕಿ ಹತ್ತಿದ್ರ ಮನಿ ತುಂಬ ಉರಿ ಆಗತೈತಿ, ಮೂಳಾ!" ಎಂದು ಆಕೆ ಚೀರಿದ್ದು ಮೂರು ಓಣಿಗೆ ಕೇಳಿಸಿತಂತೆ.

ಬೆಂಕಿಯನ್ನೇನೋ ಅಟ್ಟಿದಳು. ಮಾತಾಡಿಸಲು ಬರುವ ಬಂಧುಬಳಗವನ್ನು ಅಟ್ಟಲಾದೀತೇ?

ನಮ್ಮ ಕಡೆಯ ಈ ಪದ್ಧತಿ ಗೊತ್ತಲ್ಲ. ಒಬ್ಬರು ಹಾಸಿಗೆ ಹಿಡಿದರೆಂದರೆ ಬಾಳೆಹಣ್ಣು, ಬಿಸ್ಕೀಟು ಹಿಡಿದು ಸುತ್ತಿನ ಹತ್ತೂರು ಬರುತ್ತದೆ. ಬಂದವರು ಸುಮ್ಮನೆ ಕೂರುತ್ತಾರೆಯೇ? ಕೊರೊನಾ ಬಂದು ಹೋದ ಮೇಲಂತೂ ಪ್ರತಿಯೊಬ್ಬರೂ ಅರ್ಧ ಡಾಕ್ಟರ್. ಬೆರಳಿಗೆ ಚಿಮಟ ಹಾಕಿದಂತೆ ಹಾಕುವ ಆ ಯಂತ್ರ ಮನೆಗೊಂದಿದೆ, ತೊಂಬತ್ತೈದು ಎಂಬ ಅಂಕಿ ಪ್ರತಿ ತಲೆಯಲ್ಲಿದೆ. ತೊಂಬತ್ತೈದರ ಕೆಳಗೆ ಹೋದರೆ ಮನುಷ್ಯ ಹೋದಂತೆಯೇ ಲೆಕ್ಕ! ಎಲ್ಲರ ಫುಪ್ಪುಸವೂ ಒಂದೇ ಅಲ್ಲ ಎಂದು ಆ ತಲೆಗಳಿಗೆ ಹೇಳಿದವರಿಲ್ಲ, ಹೇಳಿದರೆ ಕೇಳುವವರೂ ಇಲ್ಲ. ಬಂದವರೆಲ್ಲ ವೀರಪ್ಪನ ಬೆರಳು ಹಿಡಿದು, ತೊಂಬತ್ತು ನೋಡಿ ಹೌಹಾರಿ, ತಿರುಗಣಿಗೆ ಕೈ ಹಾಕುವವರೇ. "ಇನ್ನೊಂದೀಟ ಹಾಕ್ರಿ, ಮಶೀನ್ ನಿಮ್ದ ಐತಿ, ಗಾಳಿ ದೇವರದು" ಎನ್ನುವವರೇ. ಊಟಕ್ಕೆ ಕೂತವನ ತಾಟಿಗೆ ಇನ್ನೊಂದು ಹಾಕುವ ಅದೇ ಕೈ, ಅದೇ ಪ್ರೀತಿ. ಯಾರನ್ನು ಬೈಯುವುದು?

ಕಾಶೆವ್ವ ಯಂತ್ರದ ಪಕ್ಕದಲ್ಲೇ ಕುಳಿತು ಎಲ್ಲರ ಕೈ ತಡೆದಳು. ಆಗ ಊರಲ್ಲಿ ಮಾತು ಹುಟ್ಟಿತು: ಮಂದಿಗೆ ತುಪ್ಪ ಸುರಿಯುವಾಕಿ ಗಂಡನಿಗೆ ಗಾಳಿ ಹಾಕಲು ಕೈ ಬಿಗಿ ಹಿಡಿಯುತ್ತಾಳೆ. ಅದು ಆಕೆಯ ಕಿವಿಗೂ ಬಿತ್ತು. ಜೀವನದಲ್ಲಿ ಯಾರೂ ಆಕೆಯನ್ನು ಜಿಪುಣಿ ಅಂದಿರಲಿಲ್ಲ. ಸೊಸೆ ಶೋಭಾಳ ಮುಂದೆ ಒಮ್ಮೆ ಗಳಗಳ ಅತ್ತಳು. ಅತ್ತು, ಮೂಗೊರೆಸಿಕೊಂಡು, ಮತ್ತೆ ಬಂದು ಅದೇ ಜಾಗದಲ್ಲಿ ಕುಳಿತಳು.

ಒಂದು ಸೋಮವಾರ ಹತ್ತೂವರೆಗೆ ಕಣಗಲಾದಿಂದ ಉದ್ದವ್ವ ಬಂದಳು. ವೀರಪ್ಪನ ಹಿರಿಯ ಅಕ್ಕ. ತಾಯಿ ಇಲ್ಲದ ತಮ್ಮನನ್ನು ಕೈತುತ್ತು ಹಾಕಿ ಬೆಳೆಸಿದವಳು. ಹುಕ್ಕೇರಿಯಲ್ಲೊಂದು, ಗೋಕಾಕದಲ್ಲೊಂದು ಬಸ್ಸು ಬದಲಿಸಿ, ಎಪ್ಪತ್ತರ ಮೊಣಕಾಲು ಎಳೆದುಕೊಂಡು ಬಂದವಳು ನೀರು ಸಹ ಕುಡಿಯದೆ ಚೀಲದಿಂದ ಬೆರಳಿನ ಯಂತ್ರ ತೆಗೆದಳು.

"ತೊಂಬತ್ತ! ಅಯ್ಯ ನನ್ನ ಶಿವನ! ಏನ ಮಾಡಿಟ್ಟಿ ಕಾಶೆವ್ವಾ ನನ್ನ ತಮ್ಮನ್ನ?"

"ಅಕ್ಕಾರ, ಇವರಿಗೆ ತೊಂಬತ್ತ ಬರೋಬರಿ ಐತ್ರಿ. ದವಾಖಾನ್ಯಾಗ ಹೇಳ್ಯಾರ."

"ಹೇಳ್ತಾರ ಹೇಳಾಕ! ಕೊರೊನಾದಾಗ ನಮ್ಮ ಬಾಜೂ ಮನ್ಯಾವಗ ತೊಂಬತ್ತ ಆಗಿತ್ತು. ಆಮ್ಯಾಗ ಏನಾತು ಗೊತ್ತೈತಿಲ್ಲ?"

ವೀರಪ್ಪ ನಗುತ್ತ ಕೈಯಾಡಿಸಿದ. "ಅಕ್ಕಾ, ಆರಾಮದೀನಿ. ಬಿಡ."

ಉದ್ದವ್ವ ಬಿಟ್ಟಂತೆ ಕಂಡಳು. ಕಾಶೆವ್ವಗೆ ಸಮಾಧಾನವಾಯಿತು. ಮತ್ತೆ ಆಕೆಯ ಹಳೆಯ ಚಟ ಎದ್ದಿತು ನೋಡಿ! ಗಂಡನ ಅಕ್ಕ ಇಷ್ಟು ದೂರ ಬಂದಿದ್ದಾಳೆ, ಬರೀ ರೊಟ್ಟಿ ಪಲ್ಯ ಹಾಕಿ ಕಳಿಸುವುದೇ? ಕಡಲೆಬೇಳೆ ಕುದಿಯಲು ಇಟ್ಟಳು. ಬೇಳೆ ಬೇಯಬೇಕು, ಬೆಲ್ಲ ಹಾಕಿ ಹೂರಣ ರುಬ್ಬಬೇಕು, ಕಣಕ ನಾದಬೇಕು, ಕಟ್ಟಿನ ಸಾರಿಗೆ ಒಗ್ಗರಣೆ ಹಾಕಬೇಕು. ಅತ್ತೆ ಸೊಸೆ ಇಬ್ಬರೂ ಒಲೆಯ ಮುಂದೆ. ಕಾಶೆವ್ವ ಒಂದು ಸಲ ಎದ್ದು ಬಂದು ನೋಡಿದಳು. ಅಕ್ಕ ತಮ್ಮ ಗಾಣದ ಕಾಲದ ಮಾತಾಡುತ್ತಿದ್ದರು, ಗುಂಡು ಒಂದರ ಗೆರೆಯಲ್ಲೇ ಇತ್ತು. ಆಮೇಲೆ ಹೋಳಿಗೆ ತವೆಗೆ ಬಿತ್ತು, ಆಕೆ ಲೋಕ ಮರೆತಳು.

ಒಂದು ಗಂಟೆಗೆ ಉದ್ದವ್ವ ತುದಿಗಾಲಲ್ಲಿ ಅಡುಗೆ ಮನೆಗೆ ಬಂದಳು. ಮುಖ ಅರಳಿತ್ತು. "ಸಪ್ಪಳ ಮಾಡಬ್ಯಾಡ್ರಿ. ಎಷ್ಟ ಛಂದ ನಿದ್ದಿ ಹತ್ತೇತಿ ಅವಗ! ಪಾಪ, ಎಷ್ಟ ದಿನ ಆಗಿತ್ತೋ."

ಕಾಶೆವ್ವಗೂ ಖುಷಿಯೇ ಆಯಿತು. ಹೌದು, ಸುಳ್ಳೇಕೆ ಹೇಳಬೇಕು? ಮಲಗಲಿ ಬಿಡು ಅಂದುಕೊಂಡಳು. ಉದ್ದವ್ವಗೆ ತಾಟು ಹಾಕಿ, ಮೊದಲ ಹೋಳಿಗೆಗೆ ತುಪ್ಪ ಸುರಿದು, ಎರಡನೆಯದನ್ನು ಬಟ್ಟಲಿನಲ್ಲಿಟ್ಟುಕೊಂಡು ಗಂಡನಿಗೆ ತೋರಿಸಿಯಾದರೂ ಬರುತ್ತೇನೆಂದು ಪಡಸಾಲೆಗೆ ನಡೆದಳು.

ವೀರಪ್ಪನ ಮುಖ ಕೆಂಪಗಿತ್ತು. ಹಣೆಯ ಮೇಲೆ ಬೆವರು. ಬಾಯಿ ತೆರೆದಿತ್ತು, ಗೊರಕೆ ಬಂದು ನಿಲ್ಲುತ್ತಿತ್ತು, ನಿಂತು ಎಷ್ಟೋ ಹೊತ್ತಿಗೆ ಮತ್ತೆ ಬರುತ್ತಿತ್ತು. ಕಾಶೆವ್ವ ಯಂತ್ರದ ಕಡೆ ತಿರುಗಿದಳು. ಗುಂಡು ಐದರ ಗೆರೆಯಲ್ಲಿ ಕುಣಿಯುತ್ತಿತ್ತು!

ಬಟ್ಟಲು ಎಲ್ಲಿ ಬಿತ್ತೋ ನೋಡಲಿಲ್ಲ. ಭುಜ ಹಿಡಿದು ಅಲುಗಿಸಿದಳು. ವೀರಪ್ಪ ಅರ್ಧ ಕಣ್ಣು ತೆರೆದು, ಏನೋ ತೊದಲಿ, ಮತ್ತೆ ಮುಳುಗಿದ. ಬೆರಳಲ್ಲಿ ತೊಂಬತ್ತೆಂಟು. ಬೇರೆಯವರಾಗಿದ್ದರೆ ಆ ಅಂಕಿ ನೋಡಿ ದೇವರಿಗೆ ಕೈಮುಗಿಯುತ್ತಿದ್ದರು. ಕಾಶೆವ್ವ ತಿರುಗಣಿಯನ್ನು ಒಂದಕ್ಕೆ ಇಳಿಸಿದಳು.

ಉದ್ದವ್ವ ಎಂಜಲು ಕೈಯಲ್ಲೇ ಓಡಿ ಬಂದಳು. "ಏನ ಆತ? ನಾನ ಏರ್ಸೀನಿ, ನಾನ! ಛಲೋ ಆಗಲಿ ಅಂತ... ತಗದ ಬಿಡೂಣು, ಪೂರಾ ತಗದ ಬಿಡೂಣು!" ಎನ್ನುತ್ತ ಮೂಗಿನ ನಳಿಗೆಯನ್ನೇ ಕಿತ್ತಳು.

"ಬ್ಯಾಡ್ರಿ ಅಕ್ಕಾರ!" ಕಾಶೆವ್ವ ಆಕೆಯ ಕೈ ಹಿಡಿದು ನಳಿಗೆ ಕಸಿದುಕೊಂಡು ಮತ್ತೆ ಮೂಗಿಗೆ ಇಟ್ಟಳು. "ಪೂರಾ ತಗದ್ರ ಇನ್ನೂ ಕೆಟ್ಟ. ಒಂದ ಇರ್ಲಿ. ಶೋಭಾ, ಆಂಬುಲೆನ್ಸಿಗೆ ಹಚ್ಚ ಫೋನ! ಆಮ್ಯಾಗ ಸಿಸ್ಟರಿಗೆ!"

ಸಂಘಮಿತ್ರಾಳ ದನಿ ಫೋನಿನಲ್ಲಿ ಗುಡುಗಿತು. "ತಲಿ ಎತ್ತರ ಮಾಡಿ ಕೂಡಸ್ರಿ. ಎಬ್ಬಸಕೋಂತ ಇರ್ರಿ. ನಂಬರ್ ಎಂಬತ್ತೆಂಟರ ಕೆಳಗ ಬಿಡಬ್ಯಾಡ್ರಿ, ತೊಂಬತ್ತೆರಡರ ಮ್ಯಾಗೂ ಬಿಡಬ್ಯಾಡ್ರಿ. ಸೀದಾ ಇಲ್ಲಿಗೆ ಬರ್ರಿ. ಕಾರ್ಡ್ ತೋರಸ್ರಿ!"

ಇಪ್ಪತ್ತು ನಿಮಿಷಕ್ಕೆ ಗಾಡಿ ಬಂತು. ಹಿಂದೆ ರೋಗಿಯ ಜೊತೆ ಕೂರುವ ಹುಡುಗ ಭೀಮೇಶ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಕೈ ಚುರುಕು, ಮನಸ್ಸು ಒಳ್ಳೆಯದು. ಕಾಶೆವ್ವ, ಉದ್ದವ್ವ ಹತ್ತಿದರು. ಶೋಭಾ ಹೊಲಕ್ಕೆ ಹೋಗಿದ್ದ ಗಂಡನಿಗೆ ಫೋನು ಹಚ್ಚುತ್ತಲೇ ಮುಂದೆ ಡ್ರೈವರನ ಪಕ್ಕ ಕುಳಿತಳು. ಗಾಡಿ ಗೋಕಾಕದ ರಸ್ತೆ ಹಿಡಿದು ಬಾಯಿ ಬಡಿದುಕೊಳ್ಳುತ್ತ ಹಾರಿತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಪಕ್ಕಕ್ಕೆ ಸರಿದವು.

ಗಾಡಿಯೊಳಗಿನ ಯಂತ್ರದಲ್ಲಿ ಎಂಬತ್ತೊಂಬತ್ತು ಕಂಡಿತು. ಕಂಡದ್ದೇ ಅದು ಕೀಂ ಕೀಂ ಎಂದು ಚೀರತೊಡಗಿತು. ಭೀಮೇಶ ಹಿಂದು ಮುಂದು ನೋಡದೆ ಆಕ್ಸಿಜನ್ ಜೋರಾಗಿ ಹರಿಸುವ ದೊಡ್ಡ ಮುಖವಾಡ ಕೈಗೆತ್ತಿಕೊಂಡ.

ಕಾಶೆವ್ವ ಅವನ ಮಣಿಕಟ್ಟು ಹಿಡಿದಳು. ಹನ್ನೆರಡು ಆಳಿಗೆ ರೊಟ್ಟಿ ಬಡಿದ ಕೈ; ಹುಡುಗನಿಗೆ ಕದಲಿಸಲಾಗಲಿಲ್ಲ. "ಅದ ಬ್ಯಾಡ ತಮ್ಮಾ. ಇದ ನಳಿಗಿ, ಒಂದ ಲೀಟರ್."

"ಅವ್ವಾರ, ಕೈ ಬಿಡ್ರಿ! ಮಶೀನ್ ಚೀರಾಕತ್ತೇತಿ!"

"ಚೀರಲಿ! ಅದಕ್ಕ ಇವರು ಯಾರಂತ ಗೊತ್ತಿಲ್ಲ. ನನಗ ಗೊತ್ತೈತಿ." ಸಂಚಿ ಬಿಚ್ಚಿ, ಸುಣ್ಣ ಮೆತ್ತಿದ ಹಳದಿ ಕಾರ್ಡನ್ನು ಅವನ ಮೂಗಿನ ಮುಂದೆ ಹಿಡಿದಳು. "ಓದ."

ಭೀಮೇಶ ಓದಿದ. ಸಿಕ್ಕಾ ನೋಡಿದ. ರೋಗಿಯ ಮುಖ ನೋಡಿದ. ದವಾಖಾನೆಗೆ ಫೋನು ಹಚ್ಚಿದರೆ ಆ ಬಯಲಿನಲ್ಲಿ ಸಿಗ್ನಲ್ ಇಲ್ಲ! ಬೆವರು ಅವನಿಗೂ ಇಳಿಯಿತು. ಉದ್ದವ್ವ ಶಿವಶಿವಾ ಎನ್ನುತ್ತ ತಮ್ಮನ ಅಂಗಾಲು ತಿಕ್ಕುತ್ತಿದ್ದಳು. ಎಂಬತ್ತೊಂಬತ್ತು. ಎಂಬತ್ತೆಂಟು. ಎಂಬತ್ತೊಂಬತ್ತು. ಯಂತ್ರ ಚೀರುತ್ತಲೇ ಇತ್ತು, ಕಾಶೆವ್ವ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಂಕಿ ಕಾಯುತ್ತಲೇ ಇದ್ದಳು.

ಎಂಬತ್ತಾರು!

"ಈಗ ಏರಸ ತಮ್ಮಾ. ಸಾವಕಾಶ ಎರಡಕ್ಕ ಏರಸ!"

ಭೀಮೇಶ ಬಾಯಿ ತೆರೆದು ನೋಡಿದ. ಏರಿಸಬೇಡ ಎಂದು ಕೈ ಹಿಡಿದವಳೇ ಏರಿಸು ಅನ್ನುತ್ತಿದ್ದಾಳೆ. ಏರಿಸಿದ. ಎಂಬತ್ತೆಂಟು, ತೊಂಬತ್ತು, ತೊಂಬತ್ತೆರಡು. "ಬಸ್, ಅರ್ಧ ಇಳಸ." ಇಳಿಸಿದ. ತೊಂಬತ್ತೊಂದರಲ್ಲಿ ನಿಂತಿತು. ಕೊಪ್ಪರಿಗೆಯ ಕೆಳಗಿನ ಉರಿ ಹೆಚ್ಚು ಕಡಿಮೆ ಮಾಡಿದಷ್ಟೇ ಸರಾಗವಾಗಿ ಆಕೆ ಹೇಳುತ್ತಿದ್ದಳು, ಹುಡುಗ ಮಾಡುತ್ತಿದ್ದ. ಸಿಗ್ನಲ್ ಸಿಕ್ಕಿದ್ದು ಗೋಕಾಕ ಸಮೀಪ ಬಂದ ಮೇಲೆ. ಆ ಕಡೆಯಿಂದ, ಕಾರ್ಡಿಗೆ ಸಹಿ ಹಾಕಿದ್ದ ಡಾಕ್ಟರ್ ಸುನೀಲ ಒಂದೇ ಮಾತು ಹೇಳಿದರು: "ಆ ಅವ್ವ ಹೇಳಿದಂಗ ಮಾಡ."

ದವಾಖಾನೆಯ ಬಾಗಿಲಲ್ಲೇ ಸಂಘಮಿತ್ರಾ ನಿಂತಿದ್ದಳು. ಮಣಿಕಟ್ಟಿನಿಂದ ರಕ್ತ ತೆಗೆದು ನೋಡಿದರು. ಕೆಟ್ಟ ಗಾಳಿ ಸಿಕ್ಕಾಪಟ್ಟೆ ಏರಿತ್ತು. ಉಸಿರನ್ನು ಒತ್ತಿ ಕೊಟ್ಟು ಒಳಗಿನದನ್ನು ಹೊರಗೆ ಹಾಕಿಸುವ ಬಿಗಿ ಮುಖವಾಡ ಕಟ್ಟಿದರು. "ದಾರ್ಯಾಗ ಆಕ್ಸಿಜನ್ ಭಾಳ ಏರಿಸಿದ್ರ ಇವರು ಇಲ್ಲಿ ಮುಟ್ಟತಿದ್ದಿಲ್ಲ ಅವ್ವಾರ" ಎಂದರು ಡಾಕ್ಟರ್. "ಇನ್ನ ಒಂದೆರಡ ತಾಸ ಕಾಯೂಣು. ಎಚ್ಚರ ಆಗಬೇಕು. ಆಗಲಿಲ್ಲ ಅಂದ್ರ ಗಂಟಲದಾಗ ನಳಿಗಿ ಹಾಕಿ ಬೆಳಗಾವಿಗೆ ಕಳಸಬೇಕಾಗತೈತಿ. ಕರಕೋಂತ ಇರ್ರಿ ಅವರನ್ನ."

ಮೂರು ಗಂಟೆಯಾಯಿತು. ಮೂರೂವರೆಯಾಯಿತು. ಉದ್ದವ್ವ "ಈರಾ, ಈರಾ" ಎಂದು ಕರೆದೂ ಕರೆದೂ ದನಿ ಕಳೆದುಕೊಂಡಳು. ಕೊನೆಗೆ ಗೋಡೆಗೆ ಒರಗಿ, "ನನ್ನ ಕೈಲೇ ಆತಲ್ಲ ಕಾಶೆವ್ವಾ. ನೀ ನನಗ ಏನೂ ಅನ್ನವಲ್ಲಿ. ಏನರ ಅನ್ನ" ಎಂದಳು.

"ಏನ ಅನ್ನಲ್ರಿ ಅಕ್ಕಾರ? ಮೂರ ತಿಂಗಳ ಹಿಂದ ನನಗೂ ಗೊತ್ತಿದ್ದಿಲ್ಲ. ನಾನೂ ಐದಕ್ಕ ತಿರವತಿದ್ನಿ." ಕಾಶೆವ್ವ ಇದನ್ನು ದೊಡ್ಡ ಮನಸ್ಸು ತೋರಿಸಲು ಹೇಳಲಿಲ್ಲ. ಅದು ನಿಜವಿತ್ತು, ಅದಕ್ಕೇ ಹೇಳಿದಳು.

ಮಂಚದ ಪಕ್ಕ ಬಾಗಿ ತಾನೂ ಕರೆದಳು. "ಏನ್ರೀ. ಕೇಳ್ರಿ ಇಲ್ಲಿ. ಏನ್ರೀ..."

ಸಂಘಮಿತ್ರಾ ತಲೆಯಾಡಿಸಿದಳು. "ವಾರ್ಡಿನಾಗ ಎಲ್ಲಾರೂ ಏನ್ರೀ ಅಂತಾರ್ರಿ ಅವ್ವಾರ. ಹೆಸರ ಹಿಡದ ಕರೀರಿ, ಜೋರ!"

ಕಾಶೆವ್ವ ಗಾಬರಿಯಾಗಿ ಉದ್ದವ್ವನ ಮುಖ ನೋಡಿದಳು. ಗಂಡನ ಹೆಸರು ಹಿಡಿಯುವುದೇ, ಅದೂ ಆತನ ಅಕ್ಕನ ಎದುರಿಗೆ? ಮದುವೆಯ ದಿನ ಬಾಗಿಲಲ್ಲಿ ತಡೆದವರಿಗೆ ಹೆಸರು ಸೇರಿಸಿದ ಒಡಪಿನ ಪದ ಕಟ್ಟಿ ಒಂದೇ ಒಂದು ಸಲ ಹೇಳಿದ್ದಳು. ಅದೂ ಪಿಸುಗುಟ್ಟಿದ್ದಕ್ಕೆ ಹೆಂಗಸರು ಎರಡನೆಯ ಸಲ ಹೇಳಿಸಲು ನೋಡಿದರೆ ಓಡಿ ಒಳಗೆ ಹೋಗಿದ್ದಳು. ಆಮೇಲೆ ನಲವತ್ನಾಲ್ಕು ವರ್ಷ, ಆಳುಗಳ ಮುಂದೆ "ಅವರು", ಮಗನ ಮುಂದೆ "ನಿಮ್ಮಪ್ಪ", ಎದುರಿಗೆ "ಏನ್ರೀ."

ಉದ್ದವ್ವ ಕಣ್ಣೊರೆಸಿಕೊಂಡು, ಹೋದ ದನಿಯಲ್ಲೇ, "ಕರಿಯವಾ. ನೀ ಕರಿ" ಎಂದಳು.

ಕಾಶೆವ್ವ ಉಸಿರು ಎಳೆದುಕೊಂಡಳು. "ವೀರಪ್ಪಾ!"

ಹೊಲದಲ್ಲಿ ದನವನ್ನು ಕೂಗಿ ಕರೆದ ಹಾಗೆ, ಇಡೀ ವಾರ್ಡಿಗೆ ಕೇಳುವಂತೆ! ಆಚೆ ಮಂಚದವರು ಎದ್ದು ಕುಳಿತರು. ಒಮ್ಮೆ ಬಾಯಿ ಬಂದ ಮೇಲೆ ನಿಲ್ಲಿಸಲಿಲ್ಲ. "ವೀರಪ್ಪಾ! ಏ ವೀರಪ್ಪಾ! ಕಣ್ಣ ತಗಿ! ವೀರಪ್ಪಾ!" ಕೊನೆಯದರಲ್ಲಿ ಅಳು, ಸಿಟ್ಟು, ಪ್ರೀತಿ ಎಲ್ಲ ಕೂಡಿ ಬಂದವು. ವೀರಪ್ಪನ ಹುಬ್ಬು ಅಲುಗಿತು. ಆಮೇಲೆ ರೆಪ್ಪೆ. ಆಮೇಲೆ ಕಣ್ಣು ಪೂರ್ತಿ ತೆರೆದು, ಯಾರಿವಳು ಎಂಬಂತೆ ನಲವತ್ನಾಲ್ಕು ವರ್ಷದ ಹೆಂಡತಿಯನ್ನು ನೋಡಿದ. ಸಂಘಮಿತ್ರಾ ಅಂಕಿ ನೋಡಿದಳು: ತೊಂಬತ್ತು. ಶೋಭಾ ಅಲ್ಲೇ ಚಪ್ಪಾಳೆ ಹೊಡೆದುಬಿಟ್ಟಳು.

ಐದೂವರೆಗೆ ರಕ್ತ ಮತ್ತೆ ನೋಡಿದರು. ಬೆಳಗಾವಿಯ ಮಾತು ಬೇಡವಾಯಿತು. ಎರಡು ಗುಟುಕು ನೀರಿಗೆಂದು ಸಂಘಮಿತ್ರಾ ಮುಖವಾಡ ಸಡಿಲಿಸಿ ಮೂಗಿಗೆ ನಳಿಗೆ ಇಟ್ಟಳು. ವೀರಪ್ಪ ನೀರು ಕುಡಿದು, ಅಕ್ಕನನ್ನು ನೋಡಿ ನಕ್ಕು, ಹೆಂಡತಿಯ ಸೆರಗಿನ ತುದಿ ಹಿಡಿದ.

"ನೀ ಏನ ಕರದಿ ಆವಾಗ?"

"ಏನೂ ಇಲ್ಲ ಬಿಡ್ರಿ. ಸುಮ್ಮ ಮಲಕ್ಕೋರಿ."

"ಕೇಳ್ಸೇತಿ ನನಗ" ಎಂದ ವೀರಪ್ಪ, ಉಸಿರು ಎಳೆದುಕೊಳ್ಳುತ್ತ, ನಿಧಾನವಾಗಿ. "ಛಲೋ ಅನಿಸ್ತ. ಇನ್ನೊಮ್ಮಿ ಕರಿ."

ಮಂಚದ ಸುತ್ತ ಉದ್ದವ್ವ, ಹೊಲದಿಂದ ಓಡಿ ಬಂದ ಮಗ, ಸೊಸೆ, ಸಿಸ್ಟರು, ಡಾಕ್ಟರು, ಗಾಡಿಯ ಜೊತೆ ಹೋಗದೆ ಉಳಿದ ಭೀಮೇಶ, ಎಲ್ಲರೂ ನಿಂತಿದ್ದರು. ಕಾಶೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆಮೇಲೆ ತೆಗೆದಳು, ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕರೆದಳು.